ಕಾಕೆಯಾ ಸಾಬೀತಾಯಿತು, ಅಲೆಗಳ ಲೆಕ್ಕ ಇನ್ನೂ ಬಾಕಿ

2025ರ ಫೆಬ್ರವರಿಯಲ್ಲಿ, ಎರಡು ವಾರಗಳ ಅಂತರದಲ್ಲಿ, ಎರಡು ಗಣಿತ ಪ್ರಬಂಧಗಳು ಹೊರಬಂದವು. ಮೊದಲನೆಯದನ್ನು ಬರೆದವಳು ಆಗ 17 ವರ್ಷದ ಹನ್ನಾ ಕೈರೊ. 1980ರ ದಶಕದಿಂದ ನಿಜ ಎಂದೇ ಬಹಳ ಮಂದಿ ನಂಬಿದ್ದ ಮಿಜೊಹಾಟಾ–ತಾಕೆಉಚಿ ಊಹೆ ಸುಳ್ಳು ಎಂದು ಅದರಲ್ಲಿ ತೋರಿಸಿದಳು. ಎರಡನೆಯದು ಹಾಂಗ್ ವಾಂಗ್ ಮತ್ತು ಜೋಶುವಾ ಜಾಲ್ ಸೇರಿ ಬರೆದ 127 ಪುಟಗಳ ಪ್ರಬಂಧ. ಮೂರು ಆಯಾಮದ ಕಾಕೆಯಾ ಊಹೆ ನಿಜ ಎಂದು ಅದು ಸಾಧಿಸಿತು.

ಸುದ್ದಿಯಲ್ಲಿ ಇವೆರಡೂ ಬೇರೆ ಬೇರೆ ಕಥೆಗಳಾದವು. ಒಂದು ಕಡೆ ಹುಡುಗಿಯ ವಯಸ್ಸು, ಇನ್ನೊಂದು ಕಡೆ ಸೂಜಿ ತಿರುಗಿಸುವ ಒಗಟು. ಆದರೆ ಎರಡನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಅಲೆಗಳನ್ನು ಅಳೆಯುವ ಈ ಗಣಿತ ಕ್ಷೇತ್ರ ಈಗ ಎಲ್ಲಿ ನಿಂತಿದೆ ಅನ್ನೋದು ಗೊತ್ತಾಗುತ್ತದೆ. ಅಲೆಗಳು ಹರಿದಾಡುವ ಕೊಳವೆಗಳನ್ನು ಚಿಕ್ಕ ಜಾಗಕ್ಕೆ ತುರುಕಲು ಆಗುವುದಿಲ್ಲ ಎಂದು ವಾಂಗ್ ಮತ್ತು ಜಾಲ್ ಹೇಳಿದರು. ಕೊಳವೆಗಳ ಲೆಕ್ಕ ಗೊತ್ತಾದ ಮಾತ್ರಕ್ಕೆ ಅಲೆಗಳ ಲೆಕ್ಕ ಮುಗಿಯುವುದಿಲ್ಲ ಎಂದು ಕೈರೊ ತೋರಿಸಿದಳು.

ಇದು ಅರ್ಥವಾಗಬೇಕಾದರೆ ಬುಡದಿಂದ ಶುರು ಮಾಡಬೇಕು.

ಮೈನಸ್ 1ರಿಂದ 1ರವರೆಗಿನ ಒಂದು ಗೆರೆ ತಗೊಳ್ಳಿ. ಅದರ ಮೇಲೆ ಒಂದು ಅಲೆ. ಎತ್ತರ ಎಲ್ಲ ಕಡೆಯೂ 1. ಆದರೆ ಅದರ ಫೇಸ್, ಅಂದರೆ ಆ ಬಿಂದುವಿನಲ್ಲಿ ಅಲೆ ಏರಿನಲ್ಲಿದೆಯೋ ಇಳಿತದಲ್ಲಿದೆಯೋ ಎಂಬ ಲೆಕ್ಕ, ಸೊನ್ನೆಯಿಂದ ಇರುವ ದೂರದ ವರ್ಗವನ್ನು 10,000ದಿಂದ ಗುಣಿಸಿದಷ್ಟು. ಈಗ ಇಡೀ ಅಲೆಯನ್ನು ಕೂಡಿಸಿ. ಏರಿಳಿತವನ್ನು ಮರೆತು ಎತ್ತರವನ್ನಷ್ಟೇ ಕೂಡಿಸಿದರೆ 2 ಬರುತ್ತದೆ. ನಿಜವಾದ ಉತ್ತರದ ಗಾತ್ರ ಸುಮಾರು 0.018. ಉಳಿದದ್ದೆಲ್ಲ ಎಲ್ಲಿ ಹೋಯಿತು? ಏರುಗಳು ಇಳಿತಗಳನ್ನು ಹೊಡೆದು ಹಾಕಿದವು. ಸೊನ್ನೆಯ ಪಕ್ಕದಲ್ಲಿ, ಆಚೆಗೂ ಈಚೆಗೂ 1/100ರಷ್ಟು ಜಾಗದಲ್ಲಿ ಮಾತ್ರ ಫೇಸ್ ಹೆಚ್ಚು ತಿರುಗಲಿಲ್ಲ. ಅಲ್ಲಿಯದಷ್ಟೇ ಉಳಿಯಿತು. 1/100 ಎಲ್ಲಿಂದ ಬಂತು? 10,000ದ ವರ್ಗಮೂಲದಿಂದ. ಈ ವರ್ಗಮೂಲ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಇಂಥ ಮೊತ್ತಕ್ಕೆ ಆಸಿಲೇಟರಿ ಇಂಟಿಗ್ರಲ್ ಅನ್ನುತ್ತಾರೆ. ವರ್ಗದ ಬದಲು ಘನ ಹಾಕಿದರೆ ಸೊನ್ನೆಯ ಬಳಿ ಫೇಸ್ ಇನ್ನೂ ನಿಧಾನವಾಗಿ ತಿರುಗುತ್ತದೆ. ಆಗ ಉತ್ತರ ಸುಮಾರು 0.07, ಅಂದರೆ ನಾಲ್ಕು ಪಟ್ಟು. ಇದು ಕಾಗದದ ಮೇಲಿನ ಆಟವಲ್ಲ. ಕಾಮನಬಿಲ್ಲಿನ ಒಳಬದಿಯಲ್ಲಿ ಕೆಲವೊಮ್ಮೆ ತೆಳುವಾದ ಹೆಚ್ಚುವರಿ ಪಟ್ಟಿಗಳು ಕಾಣುತ್ತವಲ್ಲ, ಅವನ್ನು ವಿವರಿಸಲು 1838ರಲ್ಲಿ ಜಾರ್ಜ್ ಏರಿ ಬಳಸಿದ್ದು ಇದೇ ಘನದ ಫೇಸ್ ಇರುವ ಇಂಟಿಗ್ರಲ್. ಬೆಳಕು ಎಲ್ಲಿ ದಟ್ಟವಾಗುತ್ತದೆ, ಎಷ್ಟು ದಟ್ಟವಾಗುತ್ತದೆ ಅನ್ನುವುದೆಲ್ಲ ಈ ರದ್ದಾಗುವಿಕೆಯ ಲೆಕ್ಕ.

ಇನ್ನು ನಾರ್ಮ್. ಅಲೆ ಎಷ್ಟು ದೊಡ್ಡದು ಎಂದು ಅಳೆಯುವ ಮಾಪಕ ಅದು. ಮಾಪಕ ಒಂದೇ ಇದ್ದರೆ ಸಾಲುವುದಿಲ್ಲ. ಎರಡು ಅಲೆ ನೋಡಿ. ಮೊದಲನೆಯದು 100 ಮನೆಗಳಲ್ಲಿ ಹರಡಿದೆ, ಪ್ರತಿ ಮನೆಯಲ್ಲಿ ಎತ್ತರ 1. ಎರಡನೆಯದು ಒಂದೇ ಮನೆಯಲ್ಲಿದೆ, ಎತ್ತರ 10. ಎತ್ತರದ ವರ್ಗ ಕೂಡಿಸಿದರೆ ಎರಡಕ್ಕೂ 100. ಅಂದರೆ ಶಕ್ತಿ ಒಂದೇ. ಎಲ್-2 ನಾರ್ಮ್‌ಗೆ ಇವೆರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎತ್ತರದ ನಾಲ್ಕನೇ ಘಾತ ಕೂಡಿಸಿ: ಮೊದಲನೆಯದಕ್ಕೆ 100, ಎರಡನೆಯದಕ್ಕೆ 10,000. ಎಲ್-4 ನಾರ್ಮ್‌ಗೆ ಶಿಖರ ಕಣ್ಣಿಗೆ ಬೀಳುತ್ತದೆ. ಘಾತ ಹೆಚ್ಚಿದಷ್ಟೂ ಶಿಖರಗಳ ಮೇಲೆ ಗಮನ ಜಾಸ್ತಿ. ಘಾತ ಕಡಿಮೆಯಾದಷ್ಟೂ ದೂರದವರೆಗೆ ಹರಡಿದ ಸಣ್ಣಪುಟ್ಟ ಎತ್ತರಗಳೂ ಲೆಕ್ಕಕ್ಕೆ ಬರುತ್ತವೆ.

ಪಾರ್ಷಿಯಲ್ ಡಿಫರೆನ್ಶಿಯಲ್ ಸಮೀಕರಣಗಳಿಗೆ, ಅಂದರೆ ಜಾಗ ಮತ್ತು ಕಾಲದ ಜೊತೆ ಅಲೆಯಂಥವು ಹೇಗೆ ಬದಲಾಗುತ್ತವೆ ಎಂದು ಹೇಳುವ ಸಮೀಕರಣಗಳಿಗೆ, ಇದು ಯಾಕೆ ಬೇಕು? ಕ್ವಾಂಟಂ ಅಲೆಗಳ ಶ್ರೋಡಿಂಗರ್ ಸಮೀಕರಣದ ಉತ್ತರವೇ ಒಂದು ಆಸಿಲೇಟರಿ ಇಂಟಿಗ್ರಲ್. ಬೇರೆ ಬೇರೆ ಆವರ್ತನದ ಅಲೆಗಳು, ತಮ್ಮ ಆವರ್ತನದ ವರ್ಗಕ್ಕೆ ತಕ್ಕ ಹಾಗೆ ಫೇಸ್ ತಿರುಗಿಸುತ್ತಾ, ಒಟ್ಟಿಗೆ ಸಾಗುತ್ತವೆ. ಒಟ್ಟು ಶಕ್ತಿ ಕಾಲ ಕಳೆದರೂ ಬದಲಾಗುವುದಿಲ್ಲ. ಅದು ಸುಲಭದ ಮಾತು. ಕಷ್ಟ ಶುರುವಾಗುವುದು ಅಲೆ ತನ್ನ ಮೇಲೆ ತಾನೇ ಪ್ರಭಾವ ಬೀರುವಾಗ. ಆಪ್ಟಿಕಲ್ ಫೈಬರ್‌ನೊಳಗಿನ ಬೆಳಕಿಗೆ ಬರೆಯುವ ಸಮೀಕರಣದಲ್ಲಿ ಎತ್ತರದ ಘನ ಬರುತ್ತದೆ. ಶಿಖರ ತುಸು ಎದ್ದರೂ ಘನ ಅದನ್ನು ಹಲವು ಪಟ್ಟು ಮಾಡುತ್ತದೆ. ಶಕ್ತಿ ಇಷ್ಟೇ ಇದೆ ಎಂಬ ಭರವಸೆ ಅಲ್ಲಿ ಸಾಲದು, ಶಿಖರಗಳಿಗೆ ಲಗಾಮು ಬೇಕು. 1977ರಲ್ಲಿ ರಾಬರ್ಟ್ ಸ್ಟ್ರಿಚಾರ್ಟ್ಜ್ ಕೊಟ್ಟ ಅಂದಾಜು ಆ ಲಗಾಮು. ಸಮತಲದ ಮೇಲಿನ ಶ್ರೋಡಿಂಗರ್ ಅಲೆಗೆ, ಜಾಗ ಮತ್ತು ಕಾಲ ಎರಡನ್ನೂ ಸೇರಿಸಿ ಅಳೆದ ಎಲ್-4 ನಾರ್ಮ್ ಆರಂಭದ ಶಕ್ತಿಯ ಹಿಡಿತದಲ್ಲೇ ಇರುತ್ತದೆ ಎಂದು ಅದು ಹೇಳುತ್ತದೆ. ಇವತ್ತು ಇಂಥ ಸಮೀಕರಣಗಳಿಗೆ ಉತ್ತರ ಇದೆಯೋ ಇಲ್ಲವೋ, ಎಷ್ಟು ಹೊತ್ತು ಇರುತ್ತದೆ ಎಂದು ಸಾಧಿಸುವ ಕೆಲಸ ಬಹುಪಾಲು ಈ ಅಂದಾಜಿನ ಮೇಲೆ ನಿಂತಿದೆ.

ಸ್ಟ್ರಿಚಾರ್ಟ್ಜ್ ಕೆಲಸದ ಹಿಂದೆ ಪ್ರಿನ್ಸ್‌ಟನ್‌ನ ಇಲಾಯಸ್ ಸ್ಟೈನ್ ಇದ್ದಾರೆ. 1960ರ ದಶಕದ ಕೊನೆಯಲ್ಲಿ ಸ್ಟೈನ್ ಗಮನಿಸಿದ ವಿಷಯ ಇದು: ಅಲೆಯ ಆವರ್ತನಗಳೆಲ್ಲ ಒಂದು ಬಾಗಿದ ಮೇಲ್ಮೈ ಮೇಲೆ, ಉದಾಹರಣೆಗೆ ಗೋಳದ ಮೇಲೆ, ಇದ್ದರೆ ಅಲೆ ತಾನಾಗಿಯೇ ಹರಡಿ ತಗ್ಗುತ್ತದೆ. ಮೇಲ್ಮೈ ಚಪ್ಪಟೆಯಾಗಿದ್ದರೆ ಹೀಗಾಗುವುದಿಲ್ಲ. ಹಾಗಾದರೆ ಯಾವ ಘಾತದವರೆಗೆ ನಾರ್ಮ್ ಹಿಡಿತದಲ್ಲಿರುತ್ತದೆ? ಇದೇ ರಿಸ್ಟ್ರಿಕ್ಷನ್ ಸಮಸ್ಯೆ.

ಮೂರು ಆಯಾಮದಲ್ಲಿ ಉತ್ತರ 3 ಇರಬೇಕು ಎಂಬುದು ಊಹೆ. ಯಾಕೆ 3? ಅತಿ ಸರಳ ಅಲೆಯನ್ನು ನೋಡಿದರೆ ಸಾಕು. ಗೋಳದ ಮೇಲಿನ ಎಲ್ಲ ಆವರ್ತನಗಳನ್ನೂ ಸಮನಾಗಿ ಸೇರಿಸಿದರೆ ಬರುವ ಅಲೆ ನಡುವಿನಿಂದ ದೂರ ಹೋದಂತೆ ದೂರದ ವಿಲೋಮದಷ್ಟು ತಗ್ಗುತ್ತದೆ. 100 ಮೀಟರ್ ಆಚೆ ಎತ್ತರ 1/100. ಆದರೆ ಅಷ್ಟು ದೂರದಲ್ಲಿರುವ ಜಾಗ ದೂರದ ವರ್ಗದಷ್ಟು ಬೆಳೆದಿರುತ್ತದೆ. ಎತ್ತರದ ಮೂರನೇ ಘಾತವನ್ನು ಆ ಜಾಗದಿಂದ ಗುಣಿಸಿದರೆ ಉಳಿಯುವುದು ದೂರದ ವಿಲೋಮ. ಅದನ್ನು ಕೊನೆಯಿಲ್ಲದೆ ಕೂಡಿಸುತ್ತಾ ಹೋದರೆ ಮೊತ್ತ ನಿಲ್ಲುವುದಿಲ್ಲ. ಘಾತ 3ಕ್ಕಿಂತ ಒಂಚೂರು ಜಾಸ್ತಿಯಿದ್ದರೆ ನಿಲ್ಲುತ್ತದೆ. ಆದ್ದರಿಂದ 3ಕ್ಕಿಂತ ಕೆಳಗೆ ಇಳಿಯುವ ಆಸೆಯೇ ಇಲ್ಲ. 3ಕ್ಕಿಂತ ಮೇಲೆ ಎಲ್ಲ ಅಲೆಗಳಿಗೂ, ಎಷ್ಟೇ ಕುತಂತ್ರದಿಂದ ಜೋಡಿಸಿದ ಅಲೆಗೂ, ಹಿಡಿತ ಸಿಗುತ್ತದೆಯೇ ಅನ್ನುವುದೇ ಪ್ರಶ್ನೆ.

ಈ ಪ್ರಶ್ನೆಯ ಮೇಲೆ ಐವತ್ತು ವರ್ಷ ಜನ ಇಂಚಿಂಚು ಇಳಿದಿದ್ದಾರೆ. 1975ರ ಸುಮಾರಿಗೆ ಪೀಟರ್ ಟೋಮಸ್ ಮತ್ತು ಸ್ಟೈನ್ 4ರವರೆಗೆ ಬಂದರು. 1991ರಲ್ಲಿ ಜಾಂ ಬೂರ್ಗೆನ್ ಮೊದಲ ಬಾರಿ 4ರ ಕೆಳಗೆ ಇಳಿದರು. 2003ರಲ್ಲಿ ಟೆರೆನ್ಸ್ ಟಾವ್ 10/3 ಮುಟ್ಟಿದರು. 2016ರಲ್ಲಿ ಲ್ಯಾರಿ ಗೂತ್ ಬಹುಪದಿಗಳಿಂದ ಜಾಗವನ್ನು ಹೋಳು ಮಾಡುವ ಹೊಸ ದಾರಿ ಹಿಡಿದು 3.25ಕ್ಕೆ ತಂದರು. ಹಾಂಗ್ ವಾಂಗ್ ಅದನ್ನು ಇನ್ನಷ್ಟು ಇಳಿಸಿದರು. 2024ರಲ್ಲಿ ವಾಂಗ್ ಮತ್ತು ಶುಕುನ್ ವು 22/7ಕ್ಕೆ ಬಂದು ನಿಂತಿದ್ದಾರೆ. ಸ್ಟೈನ್ ಮತ್ತು ಬೂರ್ಗೆನ್ ಇಬ್ಬರೂ ಈಗಿಲ್ಲ. 2018ರ ಡಿಸೆಂಬರ್‌ನಲ್ಲಿ ಒಂದೇ ದಿನದ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಇಷ್ಟು ಕಷ್ಟ ಯಾಕೆ? ಇಲ್ಲಿಯೇ ಕೊಳವೆಗಳು ಬರುವುದು. ಅಲೆಯನ್ನು 10,000 ಅಳತೆಯ ಒಂದು ದೊಡ್ಡ ಚೆಂಡಿನೊಳಗೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಆವರ್ತನದ ಮೇಲ್ಮೈಯನ್ನು ಪುಟ್ಟ ತುಣುಕುಗಳಾಗಿ ಕತ್ತರಿಸಿದರೆ, ಪ್ರತಿ ತುಣುಕಿನ ಅಲೆಯೂ 10,000 ಉದ್ದ, 100 ದಪ್ಪದ ನೀಳ ಕೊಳವೆಗಳೊಳಗೆ ಹರಿಯುತ್ತದೆ. ಅದೇ ವರ್ಗಮೂಲ ಮತ್ತೆ ಬಂತು, ಅಲ್ವಾ? ತುಣುಕು ಬೇರೆಯಾದರೆ ಕೊಳವೆಯ ದಿಕ್ಕೂ ಬೇರೆ. ಅಂಥ ದಿಕ್ಕುಗಳು ಸುಮಾರು 10,000. ಒಂದು ಕೊಳವೆಯೊಳಗೆ ಅಲೆ ಶಾಂತವಾಗಿರುತ್ತದೆ. ಗದ್ದಲ ಏಳುವುದು ಹಲವು ಕೊಳವೆಗಳು ಒಂದರ ಮೇಲೊಂದು ಬಿದ್ದಾಗ. ಎಲ್ಲ ದಿಕ್ಕಿನ ಕೊಳವೆಗಳನ್ನೂ ಒಂದು ಚಿಕ್ಕ ಜಾಗಕ್ಕೆ ತುರುಕಲು ಬಂದರೆ ಅಲ್ಲಿ ಶಿಖರಗಳು ಏಳುತ್ತವೆ, ನಾರ್ಮ್ ಕೈತಪ್ಪುತ್ತದೆ.

ಹಾಗೆ ತುರುಕಲು ಬರುತ್ತದೆಯೇ? 1917ರಲ್ಲಿ ಜಪಾನಿನ ಸೊಯಿಚಿ ಕಾಕೆಯಾ ಇದನ್ನೇ ಇನ್ನೊಂದು ರೂಪದಲ್ಲಿ ಕೇಳಿದ್ದರು. ಒಂದು ಸೂಜಿಯನ್ನು ಸಮತಲದಲ್ಲಿ ಪೂರ್ತಿ ತಿರುಗಿಸಲು ಎಷ್ಟು ಕಡಿಮೆ ಜಾಗ ಸಾಕು? ಎಲ್ಲ ದಿಕ್ಕಿನಲ್ಲೂ ಒಂದೊಂದು ಗೆರೆ ಇರುವ, ಆದರೂ ವಿಸ್ತೀರ್ಣ ಸೊನ್ನೆಯಾಗಿರುವ ಆಕೃತಿಯನ್ನು ರಷ್ಯಾದ ಬೆಸಿಕೊವಿಚ್ ಸುಮಾರು ಅದೇ ಹೊತ್ತಿಗೆ ಕಟ್ಟಿದರು. ಬಹಳ ಕಾಲ ಇದೊಂದು ಚಂದದ ವಿಚಿತ್ರವಾಗಿ ಉಳಿಯಿತು. 1971ರಲ್ಲಿ ಚಾರ್ಲ್ಸ್ ಫೆಫರ್ಮನ್ ಅದನ್ನು ಅಲೆಗಳಿಗೆ ಕಟ್ಟಿದರು. ಅಲೆಯ ಆವರ್ತನಗಳಲ್ಲಿ ಒಂದು ವೃತ್ತದೊಳಗಿನವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಹಾಕುವುದು ಬಹಳ ಸಹಜವಾದ ಕೆಲಸ. ಎಲ್-2 ಬಿಟ್ಟು ಬೇರೆ ಯಾವ ಘಾತದ ನಾರ್ಮ್‌ನಲ್ಲೂ ಅದು ಹಿಡಿತಕ್ಕೆ ಸಿಗುವುದಿಲ್ಲ ಎಂದು ಫೆಫರ್ಮನ್ ತೋರಿಸಿದರು. ಅದಕ್ಕೆ ಬಳಸಿದ್ದು ಬೆಸಿಕೊವಿಚ್ ಆಕೃತಿಯನ್ನೇ. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಹುಟ್ಟು ಅಲ್ಲಿ. ಸೂಜಿಯ ಒಗಟಿಗೆ ಇಷ್ಟು ಬೆಲೆ ಬಂದದ್ದು ಫೆಫರ್ಮನ್ ಅದನ್ನು ಅಲೆಗಳ ಪ್ರಶ್ನೆಯಾಗಿ ಓದಿದ ಮೇಲೆ.

ಆಕೃತಿಯ ಗಾತ್ರ ಸೊನ್ನೆಯಾಗಬಹುದು, ಸರಿ. ಆದರೆ ಅದು ಎಷ್ಟು ಬೇಗ ಸೊನ್ನೆಯತ್ತ ಹೋಗುತ್ತದೆ ಅನ್ನುವುದು ಮುಖ್ಯ. ನಮ್ಮ ಕೊಳವೆಗಳನ್ನು ಉದ್ದ 1 ಆಗುವಂತೆ ಕುಗ್ಗಿಸಿ. ದಪ್ಪ 1/100. ಒಂದರ ಗಾತ್ರ ಸುಮಾರು 1/10,000. ಸಂಖ್ಯೆ 10,000. ಬೇರೆ ಬೇರೆ ಇಟ್ಟರೆ ಒಟ್ಟು ಗಾತ್ರ ಸುಮಾರು 1. ಒಂದರ ಮೇಲೊಂದು ಹೇರಿದರೆ ಎಷ್ಟಕ್ಕೆ ಇಳಿಸಬಹುದು? ಸ್ಥಿರಾಂಕಗಳನ್ನು ಬದಿಗಿಟ್ಟು ಹೇಳುವುದಾದರೆ, 1/10ಕ್ಕಿಂತ ಕೆಳಗೆ ಆಗದು ಎಂದು 1995ರಲ್ಲಿ ಥಾಮಸ್ ವುಲ್ಫ್ ಸಾಧಿಸಿದರು. 1/10 ಅಂದರೆ ದಪ್ಪದ ವರ್ಗಮೂಲ, ಅರ್ಧ ಘಾತ. 3ರಿಂದ ಆ ಅರ್ಧವನ್ನು ಕಳೆದರೆ, ಆಯಾಮದ ಭಾಷೆಯಲ್ಲಿ ಅದು 5/2. ಊಹೆ ಹೇಳುವುದು 3. ಅಂದರೆ ದಪ್ಪದ ಯಾವ ಘಾತದಷ್ಟೂ ಉಳಿತಾಯ ಮಾಡಲಾಗದು, ಕೊಳವೆಗಳು ಹೆಚ್ಚುಕಡಿಮೆ ತಮ್ಮ ಪೂರ್ತಿ ಜಾಗವನ್ನೇ ಕೇಳುತ್ತವೆ.

5/2 ಗೋಡೆಯನ್ನು ದಾಟುವುದು ಬಹಳ ಕಷ್ಟವಾಯಿತು. ಕಾರಣ ಕುತೂಹಲದ್ದು. ಸಾಮಾನ್ಯ ಸಂಖ್ಯೆಗಳ, ಅಂದರೆ ವಾಸ್ತವ ಸಂಖ್ಯೆಗಳ, ಬದಲು ಮೈನಸ್ 1ರ ವರ್ಗಮೂಲವನ್ನೂ ಸೇರಿಸಿಕೊಂಡ ಕಾಂಪ್ಲೆಕ್ಸ್ ಸಂಖ್ಯೆಗಳನ್ನು ತಗೊಂಡರೆ ಹೈಸನ್‌ಬರ್ಗ್ ಗುಂಪು ಎಂಬ ಉದಾಹರಣೆ ಸಿಗುತ್ತದೆ. ವುಲ್ಫ್ ಬಳಸಿದ ನಿಯಮಗಳನ್ನೆಲ್ಲ ಅದು ಪಾಲಿಸುತ್ತದೆ. ಆದರೂ 5/2ರಲ್ಲೇ ನಿಲ್ಲುತ್ತದೆ. ಹಾಗಾಗಿ ವುಲ್ಫ್ ದಾರಿಯಲ್ಲೇ ಎಷ್ಟು ಚುರುಕಾಗಿ ಹೋದರೂ ಮುಂದಕ್ಕೆ ಹೋಗಲಾಗದು. ಕಾಂಪ್ಲೆಕ್ಸ್ ಸಂಖ್ಯೆಗಳೊಳಗೆ ವಾಸ್ತವ ಸಂಖ್ಯೆಗಳು ಅರ್ಧ ಆಯಾಮದ ಉಪಲೋಕವಾಗಿ ಕೂತಿವೆ, ವಾಸ್ತವ ಸಂಖ್ಯೆಗಳೊಳಗೆ ಅಂಥದ್ದು ಇಲ್ಲ. ಆ ವ್ಯತ್ಯಾಸವನ್ನು ಹೇಗಾದರೂ ಸಾಧನೆಯೊಳಗೆ ತರಲೇಬೇಕಿತ್ತು.

ವಾಂಗ್ ಮತ್ತು ಜಾಲ್ ಮೊದಲು, 2022ರಲ್ಲಿ, ಅಂಟುವ ಕೊಳವೆಗಳ ವಿಶೇಷ ಸಂದರ್ಭವನ್ನು ಬಗೆಹರಿಸಿದರು. ಅಲ್ಲಿ ಹತ್ತಿರದ ದಿಕ್ಕಿನ ಕೊಳವೆಗಳು ಜಾಗದಲ್ಲೂ ಹತ್ತಿರವೇ ಇರುತ್ತವೆ, ತೆಂಗಿನ ಕಡ್ಡಿಗಳು ಪೊರಕೆಯಾಗಿ ಸೇರುವ ಹಾಗೆ ಒಂದು ದಪ್ಪ ಕೊಳವೆಯೊಳಗೆ ಸೇರಿಕೊಳ್ಳುತ್ತವೆ. 2025ರ ಪ್ರಬಂಧದಲ್ಲಿ ಉಳಿದ ಸಂದರ್ಭಗಳನ್ನೆಲ್ಲ ಹಿಡಿದರು. ಅವರು ಮಾಡಿದ ಜಾಣ ಕೆಲಸ ಎಂದರೆ ಪ್ರಶ್ನೆಯನ್ನೇ ದೊಡ್ಡದು ಮಾಡಿಕೊಂಡದ್ದು. ದಿಕ್ಕುಗಳು ಬೇರೆ ಬೇರೆ ಇರಬೇಕು ಎಂಬ ಷರತ್ತನ್ನು ಬಿಟ್ಟರು. ಅದರ ಬದಲು ಯಾವುದೇ ಉಬ್ಬು ಆಕೃತಿಯೊಳಗೆ, ಅದು ಹಲಗೆಯಾಗಲಿ ದಪ್ಪ ಕೊಳವೆಯಾಗಲಿ, ತೀರಾ ಜಾಸ್ತಿ ಕೊಳವೆಗಳು ಗುಂಪುಗೂಡಬಾರದು ಎಂಬ ಷರತ್ತು ಇಟ್ಟರು. ಈ ಷರತ್ತು ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಹೋದಾಗ ಹಾಳಾಗುವುದಿಲ್ಲ. ಹಾಗಾಗಿ ಸಣ್ಣ ಅಳತೆಯಿಂದ ದೊಡ್ಡದಕ್ಕೆ, ದೊಡ್ಡದರಿಂದ ಸಣ್ಣದಕ್ಕೆ ಹೋಗುತ್ತಾ, ಪ್ರತಿ ಸುತ್ತಿನಲ್ಲೂ ಅಂದಾಜನ್ನು ತುಸು ಉತ್ತಮಗೊಳಿಸುತ್ತಾ 3ನ್ನು ಮುಟ್ಟಬಹುದು.

ಕೊಳವೆಗಳು ನೆಟ್ಟಗಿರುವುದು ಇಲ್ಲಿ ಬಹಳ ಮುಖ್ಯ. 1973ರಲ್ಲಿ ಲಾರ್ಸ್ ಹೊರ್ಮಾಂಡರ್ ಹೆಚ್ಚು ಸಾಮಾನ್ಯವಾದ ಫೇಸ್ ಇರುವ ಆಸಿಲೇಟರಿ ಇಂಟಿಗ್ರಲ್‌ಗಳ ಬಗ್ಗೆ ಇದೇ ನಾರ್ಮ್ ಪ್ರಶ್ನೆ ಕೇಳಿದ್ದರು. ಎರಡು ಆಯಾಮದಲ್ಲಿ ಉತ್ತರ ಅವರೇ ಕೊಟ್ಟರು. ಮೂರರಲ್ಲಿ ಅದು ಸುಳ್ಳು ಎಂದು 1991ರಲ್ಲಿ ಬೂರ್ಗೆನ್ ತೋರಿಸಿದರು. ಅಲ್ಲಿ ಕೊಳವೆಗಳು ಬಾಗಿರುತ್ತವೆ. ಬಾಗಿದ ಕೊಳವೆಗಳನ್ನು ಒಂದೇ ಮೇಲ್ಮೈಯ ಸುತ್ತ ತುರುಕಲು ಬರುತ್ತದೆ. ಬಾಗಿದ ಜಾಗದಲ್ಲಿ ಸಾಗುವ ಅಲೆಗಳ ಸಮೀಕರಣಗಳಿಗೆ ನೇರ ಗೆರೆಯ ಫಲಿತಾಂಶವನ್ನು ಸುಮ್ನೆ ಎತ್ತಿಕೊಂಡು ಹೋಗಲಾಗದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈಗ ಕೈರೊ ಕಡೆಗೆ. ಕೊಳವೆಗಳು ತುರುಕಿಕೊಳ್ಳುವುದಿಲ್ಲ ಎಂದು ಗೊತ್ತಾಯಿತು. ಅಲೆಗಳ ನಾರ್ಮ್ ಹಿಡಿತಕ್ಕೆ ಬಂತೇ? ಬರಲಿಲ್ಲ. ಕೊಳವೆಗಳ ಲೆಕ್ಕ ಗಾತ್ರಗಳನ್ನು ಕೂಡಿಸುವ ಲೆಕ್ಕ. ಅಲೆಗಳ ಲೆಕ್ಕದಲ್ಲಿ ಫೇಸ್ ಇದೆ. ಎರಡರ ನಡುವೆ ಸೇತುವೆ ಬೇಕು. ಅಂಥ ಒಂದು ಸೇತುವೆಯನ್ನು ಸ್ಟೈನ್ ಊಹಿಸಿದ್ದರು. ಅಲೆಯ ಶಕ್ತಿ ಒಂದು ಜಾಗದ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು, ಆ ಜಾಗ ಒಂದೊಂದು ದಿಕ್ಕಿನ ಕೊಳವೆಯಲ್ಲಿ ಗರಿಷ್ಠ ಎಷ್ಟು ಕೂತಿದೆ ಎಂಬುದರಿಂದ ಅಳೆಯಬಹುದು ಎಂಬ ಊಹೆ ಅದು. ಅದು ನಿಜವಾಗಿದ್ದರೆ, ಕಾಕೆಯಾದ ತುಸು ಬಲವಾದ ರೂಪ ಕೈಗೆ ಸಿಕ್ಕ ಕೂಡಲೇ ರಿಸ್ಟ್ರಿಕ್ಷನ್ ಕೂಡ ಸಿಗುತ್ತಿತ್ತು.

ಮಿಜೊಹಾಟಾ–ತಾಕೆಉಚಿ ಊಹೆ ಅದಕ್ಕಿಂತ ದುರ್ಬಲ. ಶ್ರೋಡಿಂಗರ್ ಸಮೀಕರಣಕ್ಕೆ ಮೊದಲ ದರ್ಜೆಯ ಇನ್ನೊಂದು ಪದ ಸೇರಿಸಿದರೆ ಉತ್ತರ ಸರಿಯಾಗಿ ಉಳಿಯುತ್ತದೆಯೇ ಎಂದು ಕೇಳುವಾಗ ಹುಟ್ಟಿದ್ದು ಅದು. ಅದು ಹೇಳುವುದಿಷ್ಟು: ಒಂದು ತೂಕವನ್ನು ಜಾಗದಲ್ಲಿ ಹರಡಿ. ಯಾವ ಗೆರೆಯ ಮೇಲೂ ಒಟ್ಟು ತೂಕ 1ನ್ನು ಮೀರದಿದ್ದರೆ, ಅಲೆಯ ಶಕ್ತಿ ಆ ತೂಕದ ಮೇಲೆ ಬೀಳುವುದೂ ಒಂದು ಸ್ಥಿರಾಂಕವನ್ನು ಮೀರದು. ಕೇಳಿದರೆ ಎಷ್ಟು ಸಹಜ ಅನ್ನಿಸುತ್ತದೆ. ಅಲೆ ಗೆರೆಗಳ ಉದ್ದಕ್ಕೇ ತಾನೇ ಹರಿಯುವುದು!

ಬಹಾಮಾಸ್‌ನಲ್ಲಿ ಬೆಳೆದು, ಮನೆಯಲ್ಲೇ ಓದಿದ ಕೈರೊ ಬರ್ಕ್ಲಿಯಲ್ಲಿ ರುಯ್‌ಶಿಯಾಂಗ್ ಜಾಂಗ್ ಪಾಠಕ್ಕೆ ಕೂತಿದ್ದಳು. ಊಹೆಯ ಸುಲಭ ರೂಪವೊಂದನ್ನು ಅವರು ಮನೆಗೆಲಸವಾಗಿ ಕೊಟ್ಟಿದ್ದರು. ಅದನ್ನು ಹಿಡಿದು ಹೊರಟವಳು ಪೂರ್ತಿ ಊಹೆಯನ್ನೇ ಉರುಳಿಸಿದಳು. ಹಲವು ಅಲೆಗಳು ಒಂದೇ ಫೇಸ್‌ಗೆ ಬಂದು ಸೇರುವ ಬಿಂದುಗಳನ್ನು ಆರಿಸಿ ತೂಕವನ್ನು ಅಲ್ಲಿ ಇಡಬೇಕು, ಆದರೆ ಯಾವ ಒಂದು ಗೆರೆಯೂ ಅಂಥ ಬಿಂದುಗಳನ್ನು ಜಾಸ್ತಿ ಹಾಯಬಾರದು. ಎರಡನ್ನೂ ಒಟ್ಟಿಗೆ ಸಾಧಿಸಬಹುದು ಎಂದು ತೋರಿಸಿದಳು. ಚಪ್ಪಟೆಯಲ್ಲದ ಪ್ರತಿ ನಯವಾದ ಮೇಲ್ಮೈಗೂ ಇದು ಅನ್ವಯಿಸುತ್ತದೆ. ವಯಸ್ಸಿನ ಸುದ್ದಿಯ ಸಡಗರದಲ್ಲಿ ಈ ಮಾತು ಮರೆಯಾಯಿತಲ್ಲ ಎಂದು ನನಗೆ ಬೇಜಾರಿದೆ. ಯಾಕೆಂದರೆ ಸ್ಟೈನ್ ಊಹೆ ನಿಜವಾದರೆ ಮಿಜೊಹಾಟಾ–ತಾಕೆಉಚಿ ನಿಜವಾಗಲೇಬೇಕು. ಎರಡನೆಯದು ಬಿದ್ದಾಗ ಮೊದಲನೆಯದೂ ಬಿತ್ತು.

ಎಷ್ಟು ಜೋರಾಗಿ ಬಿತ್ತು? ತಪ್ಪುವ ಪ್ರಮಾಣ ಲಾಗರಿದಮ್‌ನಷ್ಟು. ಅಳತೆ 10 ಲಕ್ಷ ಇದ್ದರೆ ವರ್ಗಮೂಲ 1,000, ಲಾಗರಿದಮ್ ಸುಮಾರು 14. ಊಹೆ ಸ್ಥಿರಾಂಕವನ್ನು ಕೇಳಿತ್ತು, ಆದ್ದರಿಂದ 14 ಆದರೂ ಅದು ಸುಳ್ಳೇ. ಆದರೆ ರಿಸ್ಟ್ರಿಕ್ಷನ್‌ಗೆ ಹೋಗಲು ಅಷ್ಟು ಬಿಗಿಯಾದ ಸೇತುವೆ ಬೇಕಾಗಿಲ್ಲ. ಅಳತೆಯ ಅತಿ ಸಣ್ಣ ಘಾತದಷ್ಟು ನಷ್ಟವಾದರೂ ಕೆಲಸ ನಡೆಯುತ್ತದೆ. ಕೈರೊಳ ಈ ಪ್ರತಿಉದಾಹರಣೆ ಅಂಥ ಸಡಿಲ ರೂಪವನ್ನು ತಳ್ಳಿಹಾಕುವುದಿಲ್ಲ. ಆದರೂ ಒಂದು ಎಚ್ಚರಿಕೆ ಕೊಟ್ಟಿತು. ಗೆರೆಗಳನ್ನಷ್ಟೇ ಎಣಿಸಿದರೆ ಅಲೆಗಳು ಜೊತೆಗೂಡುವ ಎಲ್ಲ ಬಗೆಗಳೂ ಕೈಗೆ ಸಿಗುವುದಿಲ್ಲ.

ಈ ಕೆಲಸ ಅಮೆರಿಕ, ಯುರೋಪಿಗೆ ಮಾತ್ರ ಸೇರಿದ್ದಲ್ಲ. ಸ್ಟೈನ್ ಬಳಿ ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮಾಡಿದ ಎಸ್. ತಂಗವೇಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶಾಖೆಯನ್ನು ಬೆಳೆಸಿದವರು. ಸ್ಪ್ರಿಂಗ್‌ಗೆ ಕಟ್ಟಿದ ಕಣದಂತೆ ಹಿಡಿದಿಟ್ಟ ಕ್ವಾಂಟಂ ಅಲೆಗಳಿಗೆ, ಅಂದರೆ ಹರ್ಮೈಟ್ ವಿಸ್ತರಣೆಗಳಿಗೆ, ಇದೇ ಬಗೆಯ ನಾರ್ಮ್ ಅಂದಾಜುಗಳನ್ನು ಅವರು ಕೊಟ್ಟಿದ್ದಾರೆ. 2002ರಲ್ಲಿ ಭಟ್ನಾಗರ್ ಪ್ರಶಸ್ತಿಯೂ ಬಂದಿದೆ. ಪಾರ್ಷಿಯಲ್ ಡಿಫರೆನ್ಶಿಯಲ್ ಸಮೀಕರಣಗಳಿಗೆಂದೇ ಹೆಸರಾದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರವೂ ಬೆಂಗಳೂರಿನಲ್ಲೇ, ಯಲಹಂಕದ ಕಡೆ ಇದೆ. ಎಂ.ಎಸ್ಸಿ. ಗಣಿತ ಓದುತ್ತಿರುವ ನಮ್ಮ ಮಕ್ಕಳು ಈ ವಿಷಯ ಬೇಕೆಂದು ದೂರದೇಶವನ್ನೇ ನೋಡಬೇಕಾಗಿಲ್ಲ.

ಮುಂದೇನು? ನಾಲ್ಕು ಮತ್ತು ಅದಕ್ಕಿಂತ ಹೆಚ್ಚಿನ ಆಯಾಮದ ಕಾಕೆಯಾವನ್ನು 2025ರ ಆ ಪ್ರಬಂಧ ಮುಟ್ಟಿಲ್ಲ. ಕಾಲದ ಮೇಲೆ ಸರಾಸರಿ ತೆಗೆದರೆ ಅಲೆ ನಯವಾಗುತ್ತದೆ ಎಂದು ಕ್ರಿಸ್ಟೋಫರ್ ಸಾಗ್ 1991ರಲ್ಲಿ ಮುಂದಿಟ್ಟ ಊಹೆಯನ್ನು ಸಮತಲದ ಅಲೆಗಳಿಗೆ ಗೂತ್, ವಾಂಗ್, ಜಾಂಗ್ 2020ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಾಧಿಸಿದ್ದಾರೆ. ನಾವು ಕೇಳುವ ಶಬ್ದ ಸಾಗುವುದು ಮೂರು ಆಯಾಮದ ಜಾಗದಲ್ಲಿ. ಅಲ್ಲಿಗೆ ಆ ಸಾಧನೆ ತಲುಪುವುದಿಲ್ಲ. ಅಲ್ಲೂ ಸಾಗ್ ಊಹೆಯನ್ನು ಸಾಧಿಸಿದರೆ ರಿಸ್ಟ್ರಿಕ್ಷನ್ ಮತ್ತು ಕಾಕೆಯಾ ಎರಡೂ ಅದರ ಹಿಂದೆಯೇ ಬರುತ್ತವೆ. ಕಾಕೆಯಾ ಈ ಸಾಲಿನ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ನಾವು ಈಗ ನಿಂತಿರುವುದು ಅದರ ಮೇಲೆ.

ನನಗೆ ಹೆಚ್ಚು ಭರವಸೆ ಇರುವುದು ವಾಂಗ್ ಮತ್ತು ವು 2024ರಲ್ಲಿ 22/7 ಜೊತೆಗೆ ಮುಂದಿಟ್ಟ ಬೇರೆ ಸೇತುವೆಯ ಮೇಲೆ. ಆ 22/7 ಅಂದಾಜೇ ವುಲ್ಫ್ ಅವರ 5/2ನ್ನು ತನ್ನೊಳಗೆ ಇಟ್ಟುಕೊಂಡಿದೆ. ಅವರ ಪ್ರಶ್ನೆಯಲ್ಲಿ ಇಡೀ ಕೊಳವೆ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಕೊಳವೆಯ ಒಂದಷ್ಟು ಭಾಗಕ್ಕೆ ಮಾತ್ರ ಬಣ್ಣ ಬಳಿಯುತ್ತಾರೆ, ಆ ಬಣ್ಣ ಕೊಳವೆಯ ಒಂದೇ ತುದಿಯಲ್ಲಿ ಗುಡ್ಡೆಯಾಗಬಾರದು ಎಂಬ ಷರತ್ತು ಹಾಕುತ್ತಾರೆ, ಆಮೇಲೆ ಬಣ್ಣದ ಭಾಗಗಳು ಎಷ್ಟು ಒತ್ತಾಗಿ ಸೇರಬಹುದು ಎಂದು ಕೇಳುತ್ತಾರೆ. ಎರಡು ತುದಿಗಳ ಫರ್ಸ್ಟನ್‌ಬರ್ಗ್ ಊಹೆ ಎಂದು ಅದರ ಹೆಸರು. ಸಮತಲದಲ್ಲಿ ಅದನ್ನು ಅವರೇ ಸಾಧಿಸಿದ್ದಾರೆ. ಮೂರು ಆಯಾಮದಲ್ಲೂ ಅದು ನಿಂತರೆ, 22/7ರಿಂದ 3ಕ್ಕೆ ಉಳಿದಿರುವ ದಾರಿ ಪೂರ್ತಿ ತೆರೆಯುತ್ತದೆ.